ಸ್ಕೂಬಾ ಡೈವಿನ ಲಾಗ್ ಪುಸ್ತಕ: ಏನು ಬರೆಯಬೇಕು?

ಲಾಗ್ ಪುಸ್ತಕದಲ್ಲಿ ಮೊದಲು ಬರೆಯಬೇಕಾದದ್ದು ಕಂಡ ಮೀನಿನ ಹೆಸರಲ್ಲ, ನೀರಿನಿಂದ ಮೇಲೆ ಬಂದ ಹೊತ್ತು. ಕೈಗೆ ಕಟ್ಟಿದ ಡೈವ್ ಕಂಪ್ಯೂಟರೇ ಎಲ್ಲವನ್ನೂ ದಾಖಲಿಸುವಾಗ ಪುಸ್ತಕ ಏಕೆ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ಬಹಳ ಮಂದಿ ಕಟ್ಟಿಕೊಳ್ಳುವುದು ಬಾಡಿಗೆಯ ಕಂಪ್ಯೂಟರ್. ದೋಣಿ ದಡ ಸೇರಿದ ಮೇಲೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ, ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ಸ್ವಂತದ್ದೇ ಆದರೂ ಮುಳುಗಲೆಂದು ಸೊಂಟಕ್ಕೆ ಎಷ್ಟು ಕಿಲೋ ಸೀಸ ಕಟ್ಟಿತ್ತು, ರಾತ್ರಿ ಮೊಣಕೈ ನೋಯಿತೇ ಎಂಬುದು ಅದಕ್ಕೆ ತಿಳಿಯದು.

ದಿನಾಂಕ, ಜಾಗ, ಜೊತೆಗಾರರ ಹೆಸರು, ಇಳಿದ ಹೊತ್ತು, ಎದ್ದ ಹೊತ್ತು, ಗರಿಷ್ಠ ಆಳ, ಸರಾಸರಿ ಆಳ, ಸಿಲಿಂಡರಿನ ಗಾತ್ರ, ಮೊದಲಲ್ಲೂ ಕೊನೆಯಲ್ಲೂ ಇದ್ದ ಒತ್ತಡ, ನೀರಿನ ಉಷ್ಣತೆ, ಎಷ್ಟು ದೂರ ಕಾಣುತ್ತಿತ್ತು ಎಂಬುದು, ಸೀಸದ ತೂಕ, ಸೂಟಿನ ದಪ್ಪ: ಇಷ್ಟಕ್ಕೆ ಅರ್ಧ ಪುಟ ಸಾಕು.

ಇವುಗಳಲ್ಲಿ ಎದ್ದ ಹೊತ್ತನ್ನು ಕುರಿತು ಹೆಚ್ಚು ಹೇಳಬೇಕಾಗಿದೆ. ಅದು ಏಕೆ ಮುಖ್ಯ ಎಂದು ತಿಳಿಯಲು ಉಸಿರಾಡುವ ಗಾಳಿಯಿಂದಲೇ ಶುರುಮಾಡಬೇಕು. ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕ ಎಂಬ ತಪ್ಪು ತಿಳಿವಳಿಕೆ ಎಷ್ಟು ತಿದ್ದಿದರೂ ಹೋಗುತ್ತಿಲ್ಲ. ಸಾಮಾನ್ಯ ಡೈವಿನಲ್ಲಿ ಅದರೊಳಗಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಸಮುದ್ರದಲ್ಲಿ 10 ಮೀಟರ್ ಇಳಿದಾಗಲೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ, ಒತ್ತಡ ಕೂಡಿದಂತೆ ಸಾರಜನಕ ರಕ್ತದಲ್ಲಿ, ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ಕರಗುತ್ತಾ ಹೋಗುತ್ತದೆ. ಮೇಲೆ ಬಂದ ಕೂಡಲೇ ಅದು ಹೋಗಿಬಿಡುವುದಿಲ್ಲ. ಉಸಿರಿನ ಮೂಲಕ ಗಂಟೆಗಟ್ಟಲೆ ಹೊರಬೀಳುತ್ತಿರುತ್ತದೆ. ಅಷ್ಟರೊಳಗೆ ಸುತ್ತಲಿನ ಗಾಳಿಯ ಒತ್ತಡ ಮತ್ತೆ ಇಳಿದರೆ ಕರಗಿದ್ದ ಅನಿಲ ಮೈಯೊಳಗೇ ಗುಳ್ಳೆಗಟ್ಟಬಹುದು. ಕೀಲುನೋವು, ಜೋಮು, ತಲೆಸುತ್ತು, ವಿಪರೀತ ಸುಸ್ತು ಇದರ ಲಕ್ಷಣಗಳು. ಇದೇ ಡೀಕಂಪ್ರೆಷನ್ ಕಾಯಿಲೆ.

ಡೈವ್ ಮುಗಿಸಿ ವಿಮಾನ ಹತ್ತಬಾರದು ಎಂಬುದನ್ನು ಕಲಿತವರೆಲ್ಲ ಬಲ್ಲರು. ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಕೊಡುವ ಸಲಹೆಯಂತೆ ಒಂದೇ ಡೈವಾದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನಗಳ ಡೈವಾದರೆ ಕನಿಷ್ಠ 18 ಗಂಟೆ ಬಿಡಬೇಕು. ಮೇಲೇರುವಾಗ ನಡುವೆ ಕಡ್ಡಾಯವಾಗಿ ತಂಗಬೇಕಾದಷ್ಟು ಹೊತ್ತು ಆಳದಲ್ಲಿ ಇದ್ದವರಿಗೆ ಅದಕ್ಕೂ ಹೆಚ್ಚು ಬೇಕು. ಆದರೆ ಈ ಸಲಹೆ ಹೇಳುವುದು ಸುಮಾರು 600 ಮೀಟರಿನಿಂದ 2400 ಮೀಟರ್ ಎತ್ತರದಲ್ಲಿರುವ ಒತ್ತಡದ ಬಗ್ಗೆ. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆಳಿಗ್ಗೆ ಎರಡು ಡೈವ್ ಮಾಡಿ, ಊಟ ಮುಗಿಸಿ, ಸೋಮವಾರದ ಕೆಲಸಕ್ಕೆಂದು ಭಾನುವಾರ ಮಧ್ಯಾಹ್ನವೇ ಕಾರಿನಲ್ಲಿ ಘಟ್ಟ ಹತ್ತುವವರಿದ್ದಾರೆ. ಎಚ್ಚರಿಸಿದರೆ, ಹೋಗುವುದು ರಸ್ತೆಯಲ್ಲಲ್ಲವೇ ಎನ್ನುತ್ತಾರೆ. ಈ ವಾದ ನಿಲ್ಲುವುದಿಲ್ಲ. ಘಟ್ಟ ಹತ್ತಿದರೆ ಒತ್ತಡ ಇಳಿಯುತ್ತದೆ. ಕಾರಿನಲ್ಲಿ ಹತ್ತಿದರೂ ಇಳಿಯುತ್ತದೆ, ಬಸ್ಸಿನಲ್ಲಿ ಮಲಗಿ ಹತ್ತಿದರೂ ಇಳಿಯುತ್ತದೆ. ಎರಡನೆಯ ಡೈವಿನಿಂದ ಎದ್ದದ್ದು 11.40ಕ್ಕೆ ಎಂದು ಪುಸ್ತಕದಲ್ಲಿದ್ದರೆ, ಮರುದಿನ ಬೆಳಗಿನ 5.40ರವರೆಗೆ ಘಟ್ಟದ ಕೆಳಗೇ ಇರಬೇಕು. ರಜೆಯ ಲೆಕ್ಕ ಹಾಕುವಾಗಲೇ ಈ ರಾತ್ರಿಯನ್ನೂ ಸೇರಿಸಿಕೊಳ್ಳಬೇಕು.

ಲಕ್ಷಣಗಳು ಗಂಟೆಗಳ ಬಳಿಕ, ಮನೆ ಸೇರಿದ ಮೇಲೂ ತಲೆದೋರಬಹುದು. ಆಗ ವೈದ್ಯರು ಕೇಳುವುದು ಎಷ್ಟು ಆಳ, ಎಷ್ಟು ಹೊತ್ತು, ಎದ್ದದ್ದು ಯಾವಾಗ ಎಂದು. ಮೈ ಸರಿಯಿಲ್ಲದವರ ಬಾಯಿಂದ ಇದು ನೆಟ್ಟಗೆ ಬರುವುದಿಲ್ಲ. ಆದ್ದರಿಂದ ನೋವು ಕಂಡ ಹೊತ್ತನ್ನೂ ಪುಸ್ತಕದಲ್ಲಿ ಬರೆಯಬೇಕು.

ಸೀಸದ ತೂಕದ ಬಗ್ಗೆ ಇಷ್ಟು ಹೇಳಬಹುದು. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿದಾಗ ಆ ಗಾಳಿಯೇ ಎರಡೂವರೆ ಕಿಲೋ ತೂಗುತ್ತದೆ. 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಹೋಗಿರುತ್ತದೆ. ಇಳಿಯುವಾಗ ಸರಿಯೆನಿಸಿದ ತೂಕ ಕೊನೆಯಲ್ಲಿ ಸಾಲದೆ, ಮೇಲೇರುವಾಗ ಸುರಕ್ಷತೆಗೆಂದು 5 ಮೀಟರಿನಲ್ಲಿ ತಂಗಲಾಗದೆ ಮೈ ತಾನಾಗಿ ಮೇಲೇಳುವುದು ಇದರಿಂದಲೇ. ಕೊನೆಯಲ್ಲಿ ಅಲ್ಲಿ ನಿಲ್ಲಲು ಸಾಧ್ಯವಾಯಿತೇ ಎಂದು ತೂಕದ ಪಕ್ಕದಲ್ಲೇ ಬರೆಯಬೇಕು. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ, ಆದ್ದರಿಂದ ಈಜುಕೊಳದ ತರಬೇತಿಯಲ್ಲಿ ಕಂಡುಕೊಂಡ ತೂಕ ಕಡಲಿನಲ್ಲಿ ನಡೆಯದು.

ಗಾಳಿಯ ಖರ್ಚನ್ನೂ ಇದೇ ಪುಟದಿಂದ ತಿಳಿಯಬಹುದು. ಅದೇ 11 ಲೀಟರಿನ ಸಿಲಿಂಡರಿನಲ್ಲಿ 120 ಬಾರ್ ಖರ್ಚಾದರೆ 1320 ಲೀಟರ್. 40 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 33. ಸರಾಸರಿ ಆಳ 10 ಮೀಟರಾದರೆ ಅಲ್ಲಿನ ಒತ್ತಡ ಎರಡು ಪಟ್ಟು, ಹಾಗಾಗಿ ದಡದ ಲೆಕ್ಕದಲ್ಲಿ 16.5 ಲೀಟರ್. 20 ಮೀಟರಿಗೆ ಇಳಿದರೆ ಅದರ ಮೂರು ಪಟ್ಟು ಬೇಕು.

ಬರೆಯಬೇಕಾದದ್ದು ಅದೇ ದಿನ, ಜೊತೆಗಾರರು ಎದುರಿಗಿರುವಾಗ, ಅವರ ಸಹಿಯೊಂದಿಗೆ. ಮಳೆಗಾಲದಲ್ಲಿ ನೇತ್ರಾಣಿಯ ಡೈವ್ ನಿಲ್ಲುತ್ತದೆ. ತಿಂಗಳುಗಳ ಬಳಿಕ ಮತ್ತೆ ನೀರಿಗಿಳಿಯುವವರು ಹಿಂದಿನ ಪುಟ ನೋಡಿಯೇ ಸೀಸ ಕೇಳಿ ಪಡೆಯಬಹುದು.