ಹೂಳು ತೊಳೆದು ತೆಗೆದ ಮರಳು

ಊರಲ್ಲಿ ಮನೆ ಕಟ್ಟಿಸುತ್ತಿರುವ ಅಣ್ಣನಿಗೋ ಭಾವನಿಗೋ ಫೋನು ಮಾಡಿ ನೋಡಿ, ಕುಶಲ ಮುಗಿಯುವ ಮೊದಲೇ ಮರಳಿನ ಮಾತು ಬರುತ್ತದೆ. ಹೊಳೆ ಮರಳು ಸಿಗುವುದಿಲ್ಲ, ಸಿಕ್ಕರೂ ದರ ಕೇಳುವ ಹಾಗಿಲ್ಲ, ಎಂ-ಸ್ಯಾಂಡೇ ಗತಿ. ಇತ್ತ ನಾವಿರುವ ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ಮಿಠಿ ನದಿಯ ಹೂಳೆತ್ತಿ ಲಾರಿಗಟ್ಟಲೆ ಸಾಗಿಸುತ್ತಾರೆ. ಪುಣೆಯ ಮುಠಾ, ಚೆನ್ನೈನ ಕೂವಂ, ಹೈದರಾಬಾದಿನ ಮೂಸಿ, ದೆಹಲಿಯ ಯಮುನೆ, ಇವುಗಳ ತಳದಲ್ಲೂ ಕೊಳಚೆಯೊಂದಿಗೆ ಮರಳು ಬೆರೆತಿದೆ. ಅದನ್ನೇ ತೊಳೆದು ಬಳಸಬಾರದೇ ಎಂದು ನಿಮಗೆ ಅನ್ನಿಸಿರಬಹುದು. ಬಳಸಬಹುದು. ಆದರೆ ಆ 'ತೊಳೆಯುವುದು' ಎಂಬ ಒಂದು ಮಾತಿನಲ್ಲೇ ಎಲ್ಲ ಅಡಗಿದೆ. ದೊಡ್ಡ ಪ್ರಮಾಣದಲ್ಲಿ ಹಾಗೆ ತೊಳೆದು ನೋಡಿದ ಒಂದು ನದಿಯ ಕತೆಯನ್ನು ಇವತ್ತು ಹೇಳುತ್ತೇನೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಫಾಕ್ಸ್ ಎಂಬ ನದಿಯಿದೆ. ಅದರ ಕೆಳಭಾಗ ವಿನ್ನೆಬೇಗೊ ಸರೋವರದಿಂದ ಹೊರಟು, ಉತ್ತರಕ್ಕೆ ಸುಮಾರು 63 ಕಿ.ಮೀ. ಹರಿದು, ಗ್ರೀನ್ ಬೇ ಪಟ್ಟಣದ ಬಳಿ ಮಿಷಿಗನ್ ಸರೋವರದ ಕೊಲ್ಲಿ ಸೇರುತ್ತದೆ. ದಡದುದ್ದಕ್ಕೂ ಕಾಗದದ ಕಾರ್ಖಾನೆಗಳು. ಅಂಗಡಿಯ ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಳೆ ಇಡದೆಯೇ ಅಡಿಯ ಹಾಳೆಗೆ ಅಕ್ಷರ ಇಳಿಯುತ್ತದಲ್ಲ, ಅಂಥ ಕಾಗದವನ್ನು ಅಲ್ಲಿ 1954ರಿಂದ ತಯಾರಿಸಿದರು. ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಲೇಪ, ಗುಳ್ಳೆಯೊಳಗೆ ಬಣ್ಣ. ಪೆನ್ನು ಒತ್ತಿದಾಗ ಗುಳ್ಳೆ ಒಡೆದು ಅಕ್ಷರ ಮೂಡುತ್ತಿತ್ತು. ಆ ಬಣ್ಣವನ್ನು ಪಿ.ಸಿ.ಬಿ. ಎಂಬ ಎಣ್ಣೆಯಂಥ ರಾಸಾಯನಿಕದಲ್ಲಿ ಕರಗಿಸಿರುತ್ತಿದ್ದರು. 1971ರಲ್ಲಿ ಇದರ ಬಳಕೆ ನಿಂತಿತು. ಅಷ್ಟು ಹೊತ್ತಿಗೆ ಕಾಗದ ತಯಾರಿಸಿದವರ, ಅದರ ರದ್ದಿಯನ್ನು ಮತ್ತೆ ಅರೆದು ಕಾಗದ ಮಾಡಿದವರ ಕೊಳೆ ನೀರಿನೊಂದಿಗೆ ಪಿ.ಸಿ.ಬಿ. ನದಿಯ ತಳ ಸೇರಿಯಾಗಿತ್ತು.

ಈ ವಸ್ತು ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ದಶಕಗಳು ಕಳೆದರೂ ಉಳಿಯುತ್ತದೆ. ಕೆಸರಿನ ಹುಳದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ, ಕೊನೆಗೆ ಮೀನು ತಿಂದವರ ಮೈಗೆ. ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇದೂ ಒಂದು.

ತಳದ ಕೆಸರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಹೆಚ್ಚು ಪಿ.ಸಿ.ಬಿ. ಇದ್ದಲ್ಲಿ ತೆಗೆಯಬೇಕು, ಇಲ್ಲವೇ ಮೇಲೆ ಮರಳು, ಕಲ್ಲು ಹಾಸಿ ಮುಚ್ಚಬೇಕು ಎಂದು ತೀರ್ಮಾನವಾಯಿತು. ಕೆಳಭಾಗದ ದೊಡ್ಡ ಕೆಲಸ 2009ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುವುದರಿಂದ ವರ್ಷಕ್ಕೆ ಕೆಲವು ತಿಂಗಳು ಕೆಲಸ ನಿಲ್ಲುತ್ತಿತ್ತು.

ಈಗ ಮರಳಿಗೆ ಬರೋಣ. ನಮ್ಮ ಅಜ್ಜಿಯರು ಅಕ್ಕಿ ಗಾಳಿಸುತ್ತಿದ್ದುದನ್ನು ನೆನಪಿಸಿಕೊಳ್ಳಿ. ಪಾತ್ರೆಯನ್ನು ನೀರಿನಲ್ಲಿ ತಿರುಗಿಸಿ ತಿರುಗಿಸಿ ಬಗ್ಗಿಸಿದರೆ ಹಗುರವಾದದ್ದು ನೀರಿನೊಂದಿಗೆ ಆಚೆ, ಭಾರದ ಕಲ್ಲು ತಳಕ್ಕೆ. ಗ್ರೀನ್ ಬೇ ಪಟ್ಟಣದ ಘಟಕದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ದೋಣಿಯ ಮೇಲಿನ ಯಂತ್ರ ಕೆಸರನ್ನು ನೀರಿನೊಂದಿಗೆ ಹೀರಿ ಕೊಳವೆಯಲ್ಲಿ ಘಟಕಕ್ಕೆ ಕಳಿಸುತ್ತಿತ್ತು. ಮೊದಲು ಜರಡಿಗಳು ಕಲ್ಲು, ಚಿಪ್ಪು, ಕಟ್ಟಿಗೆ ಹಿಡಿಯುತ್ತಿದ್ದವು. ಆಮೇಲೆ ಲಾಳಿಕೆಯ ಆಕಾರದ ಪಾತ್ರೆಗಳಲ್ಲಿ ಕೆಸರು ನೀರು ರಭಸದಿಂದ ಸುತ್ತುವಾಗ ಮರಳು ಗೋಡೆಗೆ ತಗಲಿ ಕೆಳಗಿಳಿಯುತ್ತಿತ್ತು, ಸಣ್ಣ ಹೂಳು ಮೇಲಿನಿಂದ ಹೊರಹೋಗುತ್ತಿತ್ತು. ಆ ಹೂಳನ್ನು ಬಟ್ಟೆಗಳ ನಡುವೆ ಒತ್ತಿ ಹಿಂಡಿದಾಗ ಗಾಣದ ಹಿಂಡಿಯಂಥ ಬಿಲ್ಲೆ ಉಳಿಯುತ್ತಿತ್ತು. ಬಿಲ್ಲೆ ಭದ್ರವಾದ ಕಸದ ಗುಂಡಿಗೆ, ಸೋಸಿ ಶುದ್ಧ ಮಾಡಿದ ನೀರು ಮತ್ತೆ ನದಿಗೆ.

ಹೀಗೆ ಬೇರ್ಪಡಿಸಿದರೆ ವಿಷ ಹೂಳಿನ ಜೊತೆಗೇ ಹೋಗುತ್ತದೆಯೇ? ಬಹುಪಾಲು ಹೋಗುತ್ತದೆ. ವಿಷ ಅಂಟುವುದು ಕಣದ ಮೈಗೆ. ಒಂದು ಕಿಲೋ ಮರಳಿನ ಕಣಗಳಿಗಿಂತ ಒಂದು ಕಿಲೋ ಹೂಳಿನ ಕಣಗಳ ಒಟ್ಟು ಮೈ ಬಹಳ ದೊಡ್ಡದು. ಅರ್ಧ ಮಿಲಿಮೀಟರಿನ ಮರಳಿನ ಜೊತೆ ಅದರ ನೂರನೇ ಒಂದು ಪಾಲಿನಷ್ಟು ಸಣ್ಣ ಕಣವನ್ನು ಹೋಲಿಸಿದರೆ ಅಷ್ಟೇ ತೂಕಕ್ಕೆ ನೂರು ಪಟ್ಟು ಮೈ. ಜೊತೆಗೆ ಕೊಳೆತ ಎಲೆ, ನಾರು, ಜಿಡ್ಡು ಎಲ್ಲ ಹೂಳಿನಲ್ಲೇ ಇರುತ್ತವೆ, ಪಿ.ಸಿ.ಬಿ.ಗೆ ಅವೇ ಇಷ್ಟ. ಹಾಗೆಂದು ಮರಳನ್ನು ಕಣ್ಣಳತೆಯಿಂದ ಒಪ್ಪಿಕೊಳ್ಳುವಂತಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದನ್ನು ಮಾತ್ರ ಹೊರಗೆ ಕೊಟ್ಟರು. ಅದು ರಸ್ತೆ ಕಾಮಗಾರಿಗಳ ಭರ್ತಿಗೆ ಹೋಯಿತು.

ಮರಳು ಮಾರಿ ನದಿ ಸ್ವಚ್ಛ ಮಾಡಬಹುದು ಎಂದು ಮಾತ್ರ ಭಾವಿಸಬೇಡಿ. ಈ ನದಿಗೆ ಆದ ಖರ್ಚು ನೂರು ಕೋಟಿ ಡಾಲರಿಗೂ ಹೆಚ್ಚು. ಅದರ ಬಹುಪಾಲನ್ನು ಕೋರ್ಟುಗಳಲ್ಲಿ ವರ್ಷಗಟ್ಟಲೆ ಜಗಳವಾಡಿದ ಮೇಲೆ ಕಾಗದದ ಕಂಪನಿಗಳೇ ಕಟ್ಟಬೇಕಾಯಿತು. ಮರಳಿನಿಂದ ಬಂದ ನಿಜವಾದ ಲಾಭ ಬೇರೆ ಕಡೆ ಇದೆ. ಬೇರ್ಪಡಿಸಿದ ಪ್ರತಿ ಲಾರಿ ಮರಳೂ ಕಸದ ಗುಂಡಿಗೆ ಹೋಗುವ ಒಂದು ಲಾರಿಯನ್ನು ತಪ್ಪಿಸಿತು, ಅಲ್ಲಿನ ಬಾಡಿಗೆ, ಜಾಗ, ಡೀಸೆಲು ಎಲ್ಲ ಉಳಿಯಿತು. ಜರ್ಮನಿಯ ಹ್ಯಾಂಬರ್ಗ್ ಬಂದರಿನವರದೂ ಇದೇ ಲೆಕ್ಕ. ಎಲ್ಬೆ ನದಿ ತಂದು ಹಾಕುವ ವಿಷದ ಹೂಳಿನಿಂದ ಮರಳು ಬೇರ್ಪಡಿಸಲು ಅವರು 1993ರಲ್ಲೇ 'ಮೆಥಾ' ಎಂಬ ಘಟಕ ತೆರೆದರು.

ನಮ್ಮ ನಗರಗಳ ನದಿಗಳ ಹೂಳಿನಲ್ಲಿ ಹೆಚ್ಚಾಗಿ ಇರುವುದು ಚರಂಡಿ ನೀರಿನ ಕೊಳೆ, ಪ್ಲಾಸ್ಟಿಕ್ ಮತ್ತು ಕಾರ್ಖಾನೆಗಳಿಂದ ಬಂದ ಸೀಸ, ಕ್ರೋಮಿಯಂನಂಥ ಲೋಹಗಳು. ಲೋಹಗಳೂ ಸಣ್ಣ ಕಣಕ್ಕೇ ಹೆಚ್ಚು ಅಂಟುವುದರಿಂದ ಗಾಳಿಸುವ ಉಪಾಯ ಇಲ್ಲೂ ನಡೆಯುತ್ತದೆ. ಆದರೆ ಹೂಳಿನಲ್ಲಿ ಮರಳಿನ ಪಾಲು ತೀರಾ ಕಡಿಮೆಯಿದ್ದರೆ ಯಂತ್ರದ ಖರ್ಚು ದಂಡ. ಕೊಳೆಯ ಜಿಡ್ಡು ಉಳಿದ ಮರಳಿನಲ್ಲಿ ಸಿಮೆಂಟು ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಪರೀಕ್ಷೆಯಲ್ಲಿ ಗೆದ್ದರೂ ಅಂಥ ಮರಳು ರಸ್ತೆಯ ಅಡಿಗೆ, ಏರಿಯ ಭರ್ತಿಗೆ ಹೋಗಲಿ ಎನ್ನುವವನು ನಾನು. ಮಕ್ಕಳು ಆಡುವ ಮೈದಾನಕ್ಕೆ, ಮನೆಯ ಗಿಲಾಯಿಗೆ ಬೇಡ. ಇನ್ನು ಬೇರ್ಪಡಿಸದೆ, ಪರೀಕ್ಷಿಸದೆ ಲಾರಿಯಿಂದ ನೇರವಾಗಿ ಯಾವುದೋ ತಗ್ಗಿಗೆ ಸುರಿಯುವುದಕ್ಕೆ 'ಮರುಬಳಕೆ' ಎಂದು ಹೆಸರಿಟ್ಟರೆ ನದಿಯ ವಿಷವನ್ನು ಊರೊಳಗೆ ತಂದ ಹಾಗಾಯಿತು.

ನಿಮ್ಮ ಬಡಾವಣೆಯ ಹತ್ತಿರ ಹೀಗೆ ಹೂಳು ಬಂದು ಬೀಳುತ್ತಿದ್ದರೆ ಅದರ ಪರೀಕ್ಷಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಾಲಿಕೆಯಿಂದ ಕೇಳಬಹುದು. ಮಹಾರಾಷ್ಟ್ರದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ. ಹೂಳನ್ನು ಎಲ್ಲಿಂದ ತೆಗೆದರು, ಯಾವ ಲೋಹಗಳಿಗೆ ಪರೀಕ್ಷೆ ಮಾಡಿಸಿದರು, ಯಾವ ಪ್ರಯೋಗಾಲಯದಲ್ಲಿ, ಲಾರಿಗಳು ಎಲ್ಲಿ ಖಾಲಿಯಾದವು, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದು ಕೇಳಿ.