ಹದಿಹರೆಯದವರೊಡನೆ ಅಮೃತಾಪುರ

ಹದಿನೇಳರ ಹರೆಯದವರನ್ನು ಕರೆದೊಯ್ಯುವ ಹಿರಿಯರು ದಿನಕ್ಕೆ ಆರು ತಾಣಗಳ ಪಟ್ಟಿ ಹಾಕಿದರೆ, ಮಕ್ಕಳು ಎರಡನೆಯದರಲ್ಲೇ ಮೊಬೈಲಿಗೆ ಮರಳುವುದು ಸಹಜ. ತರೀಕೆರೆ ಸಮೀಪದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಎಂದರೆ ಸೇನಾಧಿಕಾರಿ, ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯೊಂದೇ ಅರ್ಧ ದಿನಕ್ಕೆ ಸಾಕು. ಅದರ ದಕ್ಷಿಣದ ಹೊರಗೋಡೆಯ 70 ಫಲಕಗಳಲ್ಲಿ ರಾಮಾಯಣವು ಅಪ್ರದಕ್ಷಿಣವಾಗಿ, ಅಂದರೆ ಭಕ್ತರು ಸುತ್ತುವ ದಿಕ್ಕಿಗೆ ಎದುರಾಗಿ ಸಾಗುವುದರಿಂದ, ಕಥೆ ಆರಂಭವಾಗುವ ಫಲಕವನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಹಿರಿಯರು ಆಗ ಬಾಯಿ ಹಾಕದಿರುವುದೇ ಕಷ್ಟ. ಕವಿಚಕ್ರವರ್ತಿ ಜನ್ನನ ಪದ್ಯಗಳಿರುವ ಶಿಲಾಶಾಸನದಲ್ಲಿ ಹಳಗನ್ನಡದ ಅಕ್ಷರಗಳನ್ನು ಗುರುತಿಸುವವರು ಕೆಲವರಾದರೆ, ರೂವಾರಿ, ಅಂದರೆ ಶಿಲ್ಪಿ, ಮಲ್ಲಿತಮ್ಮನು ಕಡೆದ ಗುಮ್ಮಟದಂಥ ಒಳಮಾಳಿಗೆಗಳ ಚಿತ್ರ ತೆಗೆಯುವವರು ಇನ್ನು ಕೆಲವರು.