ನುಡಿಯುವ ವಿಶ್ವಾಸ, ಧ್ಯಾನಿಸುವ ಮನಸ್ಸು

(ಶತಮಾನೋತ್ಸವದ ಪೂರ್ವಸಿದ್ಧತೆಯ ಧ್ಯಾನಕೂಟದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಭಾಗಗಳ ಭಕ್ತಾದಿಗಳಿಗೆ ನೀಡಿದ ಪ್ರವಚನ)



ಶತಮಾನೋತ್ಸವವೆಂದೊಡನೆ ಕಟ್ಟಡದ ಚರಿತ್ರೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ ಇವು ನೆನಪಿಗೆ ಬರುವುದು ಸಹಜ. ಅವನ್ನು ಇತರರು ಹೇಳಲಿದ್ದಾರೆ. ನನ್ನ ಪಾಲಿಗೆ ಬಂದಿರುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪ್ರಾರ್ಥನೆಯ ವಿಷಯ. ಅದರಲ್ಲಿಯೂ ಬಾಯಿಯಿಂದ ನುಡಿಯುವ ವಿಶ್ವಾಸಕ್ಕೂ ಮೌನವಾಗಿ ಮಾಡುವ ಧ್ಯಾನಕ್ಕೂ ಇರುವ ಸಂಬಂಧ.

ಈ ಕರಾವಳಿಯ ಧರ್ಮಕೇಂದ್ರಗಳಲ್ಲಿ ಎರಡು ದೂರುಗಳು ಆಗಾಗ ಕೇಳಿಬರುತ್ತವೆ. ಯುವಕರು ಕಣ್ಣುಮುಚ್ಚಿ ಕುಳಿತು ಧ್ಯಾನವೆನ್ನುತ್ತಾರೆ, ಮನೆಯ ತೇರ್ಸಿಗೆ ಮಾತ್ರ ಕೂರುವುದಿಲ್ಲ ಎಂದು ಹಿರಿಯರ ದೂರು. ಕೊನೆಯ ಬಸ್ಸು ತಪ್ಪೀತೆಂಬ ಅವಸರದಲ್ಲಿ ಐವತ್ತು ನಮೋ ಮರಿಯಾಗಳನ್ನು ಓಡಿಸಿಬಿಡುವುದು ಪ್ರಾರ್ಥನೆಯೇ ಎಂದು ಯುವಕರ ಪ್ರಶ್ನೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರೂ ಒಂದೇ ವಸ್ತುವಿನ ಅರ್ಧಭಾಗವನ್ನಷ್ಟೇ ಹಿಡಿದು ಜಗಳಾಡುತ್ತಿದ್ದಾರೆ.

ಪ್ರಭು ಯೇಸು ಪರ್ವತಪ್ರಸಂಗದಲ್ಲಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವಂತೆ ಹೇಳಿದರು. ಮಾತುಗಳ ರಾಶಿಯಿಂದ ದೇವರು ಒಲಿಯುವರೆಂದು ಭಾವಿಸಬಾರದೆಂದೂ ಎಚ್ಚರಿಸಿದರು. ಆದರೆ ಅದೇ ಉಪದೇಶದಲ್ಲಿ, ಅದಾದ ಕೂಡಲೇ, ನುಡಿಯಬೇಕಾದ ಮಾತುಗಳನ್ನೂ ಕಲಿಸಿಕೊಟ್ಟರೆಂಬುದು ಗಮನಾರ್ಹ. ಪ್ರೇಷಿತ ಪೌಲರೂ ರೋಮನರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಹೃದಯದ ವಿಶ್ವಾಸವನ್ನೂ ಬಾಯಿಯ ಅರಿಕೆಯನ್ನೂ ಜೊತೆಯಾಗಿಯೇ ಇರಿಸಿದ್ದಾರೆ.

ನಮ್ಮ ಚಂದಾವರದ ಬೆಟ್ಟದ ಪಾಲಕರನ್ನೇ ನೋಡೋಣ. ಡಿಸೆಂಬರ್ 3ರಂದು ಅಲ್ಲಿಗೆ ಜಾತಿಮತಭೇದವಿಲ್ಲದೆ ಜನರು ಹರಿದುಬರುತ್ತಾರೆ. ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವೆಯ ಬೀದಿಗಳಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಕೂಡಿಸಿದವರು. ತಮಿಳು ಕರಾವಳಿಯ ಪರವ ಮೀನುಗಾರರಿಗೆ ಅವರು ಬೋಧಿಸಿದ ವಿಧಾನ 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ವಿವರವಾಗಿ ಸಿಗುತ್ತದೆ. ವಿಶ್ವಾಸ ಪ್ರಮಾಣದ ಒಂದೊಂದು ವಾಕ್ಯವನ್ನು ತಾವು ಹೇಳಿ, ಇದನ್ನು ದೃಢವಾಗಿ ನಂಬುತ್ತೀರಾ ಎಂದು ಕೇಳುತ್ತಿದ್ದರು. ಜನರು ಎದೆಯ ಮೇಲೆ ಕೈಗಳನ್ನು ಶಿಲುಬೆಯಾಕಾರವಾಗಿ ಇರಿಸಿಕೊಂಡು ಹೌದೆಂದು ಒಕ್ಕೊರಲಿನಿಂದ ಉತ್ತರಿಸುತ್ತಿದ್ದರು. ಆದರೆ ಈ ಗಂಟೆಯ ಸಂತರು ಅದಕ್ಕೆ ಹತ್ತು ವರ್ಷ ಮೊದಲು, 1534ರಲ್ಲಿ, ಪ್ಯಾರಿಸ್ಸಿನಲ್ಲಿ ಸಂತ ಇಗ್ನೇಷಿಯಸರ ಮಾರ್ಗದರ್ಶನದಲ್ಲಿ ದೀರ್ಘ ಮೌನಧ್ಯಾನವನ್ನು ಕೈಗೊಂಡಿದ್ದವರು. ಆ ಮೌನವಿಲ್ಲದಿದ್ದರೆ ಗಂಟೆಯ ಸದ್ದಿಗೆ ಅಷ್ಟು ಶಕ್ತಿ ಬರುತ್ತಿತ್ತೇ?

ಬಾಯಿಪಾಠವನ್ನು ಹಗುರವಾಗಿ ಕಾಣುವವರು ನಮ್ಮ ಚರಿತ್ರೆಯನ್ನು ನೆನೆಯಬೇಕು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು, ದೇವಾಲಯಗಳು ನೆಲಸಮವಾದವು, 1799ರವರೆಗೆ ಬಿಡುಗಡೆಯಿರಲಿಲ್ಲ. ದೇವಾಲಯವನ್ನು ಕೆಡವಬಹುದು, ಪುಸ್ತಕವನ್ನು ಕಸಿಯಬಹುದು. ತಾಯಿಯ ಬಾಯಿಂದ ಮಗುವಿನ ಬಾಯಿಗೆ ಬಂದ ಪ್ರಾರ್ಥನೆಯನ್ನು ಕಸಿಯುವುದು ಹೇಗೆ? ಮೌನಧ್ಯಾನವನ್ನು ಮಗು ನೋಡಬಹುದಷ್ಟೆ. ನುಡಿದ ಪ್ರಾರ್ಥನೆಯನ್ನು ಅದು ಕಲಿಯುತ್ತದೆ.

ಹಾಗೆಂದು ಅವಸರವನ್ನು ನಾನು ಸಮರ್ಥಿಸಲಾರೆ. ಇಗ್ನೇಷಿಯಸರು 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಎರಡು ಸರಳ ಉಪಾಯಗಳನ್ನು ಕೊಟ್ಟಿದ್ದಾರೆ. ಮೊದಲನೆಯದು, ಪ್ರಭು ಕಲಿಸಿದ ಪ್ರಾರ್ಥನೆಯ 'ತಂದೆ' ಎಂಬ ಒಂದೇ ಪದದಲ್ಲಿ, ರುಚಿ ಸಿಗುವವರೆಗೂ ನಿಂತುಬಿಡುವುದು. ಇನ್ನೊಂದು, ಒಂದು ಉಸಿರಿಗೂ ಮತ್ತೊಂದು ಉಸಿರಿಗೂ ನಡುವೆ ಒಂದೇ ಪದವನ್ನು ನುಡಿಯುವುದು. ಗದ್ದೆಯ ಬದುವಿನಲ್ಲಿ, ದೋಣಿಯಲ್ಲಿ, ಒಲೆಯ ಮುಂದೆಯೂ ಇದು ಸಾಧ್ಯ. ಬಾಯಿಪ್ರಾರ್ಥನೆಯನ್ನು ಬಿಟ್ಟು ಬೇರೇನೂ ತಿಳಿಯದೆಂದು ದುಃಖಿಸುತ್ತಿದ್ದ ವೃದ್ಧ ಸ್ತ್ರೀಯೊಬ್ಬಳು ಅದರ ಮೂಲಕವೇ ಉನ್ನತ ಧ್ಯಾನಸ್ಥಿತಿಯನ್ನು ಮುಟ್ಟಿದ್ದಳೆಂದು ಅವಿಲಾದ ಸಂತ ತೆರೇಸಮ್ಮನವರೂ ದಾಖಲಿಸಿದ್ದಾರೆ.

ಲತೀನ್ ಪೂಜೆಯ ಕಾಲದಲ್ಲಿ ಗುರುಗಳು ಪೀಠದಲ್ಲಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರೆ ಜನರು ತಮ್ಮ ಪಾಡಿಗೆ ಜಪಸರ ಹಿಡಿದಿರುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ ನಮಗೆ ಕೊಂಕಣಿ ಕನ್ನಡಗಳ ದನಿಯನ್ನು ತಂದುಕೊಟ್ಟಿತು. ಆದರೆ 1963ರ ಪೂಜಾವಿಧಿಯ ಶಾಸನದ ಮೂವತ್ತನೆಯ ಪರಿಚ್ಛೇದವು ಜನರ ಉತ್ತರಗಳನ್ನೂ ಗಾಯನವನ್ನೂ ಕೇಳಿದಂತೆಯೇ ಪವಿತ್ರ ಮೌನವನ್ನೂ ಕೇಳಿದೆ. ಮೊದಲರ್ಧವನ್ನು ಸಂತೋಷದಿಂದ ಪಾಲಿಸಿದ್ದೇವೆ. ಎರಡನೆಯದು ಉಳಿದುಹೋಗಿದೆ. ಪರಮಪ್ರಸಾದ ಸ್ವೀಕಾರದ ಬಳಿಕ ಒಂದು ಗಳಿಗೆ ನಿಶ್ಶಬ್ದವಾಗುವಷ್ಟರಲ್ಲಿ ಮತ್ತೊಂದು ಗೀತೆ. ಅದು ಮುಗಿದರೆ ಧ್ವನಿವರ್ಧಕದಲ್ಲಿ ಪ್ರಕಟಣೆಗಳ ಕಾಗದ ಬಿಡಿಸುವ ಸದ್ದು!

ಈ ಸಮತೋಲನವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಆಮೊರಿ ಗಂಟೆಯ ಬಳಿಕ ಮನೆಯಲ್ಲಿ ಹೇಳುವ ತೇರ್ಸಿನ ರಚನೆಯನ್ನೇ ನೋಡಿರಿ. ಒಬ್ಬರು ಪೂರ್ವಾರ್ಧ ಹೇಳುತ್ತಾರೆ, ಉಳಿದವರು ಉತ್ತರಾರ್ಧ. ಇತರರು ನುಡಿಯುವಾಗ ನಾನು ಸುಮ್ಮನಿರುತ್ತೇನೆ; ಆ ಸುಮ್ಮನಿರುವಿಕೆಯೇ ನನ್ನ ಧ್ಯಾನದ ಸ್ಥಳ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಆರಂಭಿಸಿದರೆ ಆ ಸ್ಥಳ ಇಲ್ಲವಾಗುತ್ತದೆ. ಧ್ಯಾನವಿಲ್ಲದ ಜಪಸರವನ್ನು ಜಗದ್ಗುರು ಆರನೆಯ ಪೌಲರು 1974ರಲ್ಲಿ ಆತ್ಮವಿಲ್ಲದ ದೇಹಕ್ಕೆ ಹೋಲಿಸಿದರು. ಎರಡನೆಯ ಜಾನ್ ಪೌಲರು 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿದಾಗ, ರಹಸ್ಯವನ್ನು ಸಾರಿ ವಾಕ್ಯವನ್ನು ಓದಿದ ಮೇಲೆ ತುಸುಕಾಲ ಮೌನವಿರಲೆಂದು ಸೂಚಿಸಿದರು.

ಆದರೆ ಉತ್ತರಾರ್ಧ ಹೇಳುವವರೇ ಇಲ್ಲದಿದ್ದರೆ? ಮಕ್ಕಳು ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದ ಮನೆಗಳಲ್ಲಿ ಪೂರ್ವಾರ್ಧವನ್ನೂ ಉತ್ತರಾರ್ಧವನ್ನೂ ತಾವೊಬ್ಬರೇ ಹೇಳಿಕೊಳ್ಳುವ ತಾಯಂದಿರಿದ್ದಾರೆ. ಅವರಿಗೆ ಮೌನದ ಕೊರತೆಯಿಲ್ಲ, ಅದು ಮನೆಯ ತುಂಬ ಇದೆ. ಅವರಿಗೆ ಬೇಕಾಗಿರುವುದು ಒಂದು ದನಿ. ದೂರದಲ್ಲಿರುವ ಮಗ ಫೋನಿನಲ್ಲಿ ಹತ್ತು ನಮೋ ಮರಿಯಾಗಳಿಗೆ ಉತ್ತರ ಕೊಟ್ಟರೆ, ಅಥವಾ ನೆರೆಮನೆಯವರು ಹೋಗಿ ಕುಳಿತರೆ, ಅದನ್ನು ಯಾಂತ್ರಿಕ ಪ್ರಾರ್ಥನೆಯೆಂದು ಯಾವ ಧ್ಯಾನಿಯೂ ಹಳಿಯಲಾರ.

ಇಂದಿನ ಆರಾಧನೆಯಲ್ಲಿ ಜಪಸರವನ್ನು ನಿಧಾನವಾಗಿ ಹೇಳಲು ಗುರುಗಳು ಸಮ್ಮತಿಸಿದ್ದಾರೆ. ಬಲಗಡೆಯವರು ಕೊಂಕಣಿಯಲ್ಲಿ ಪೂರ್ವಾರ್ಧ, ಎಡಗಡೆಯವರು ಕನ್ನಡದಲ್ಲಿ ಉತ್ತರಾರ್ಧ. ಪ್ರತಿ ರಹಸ್ಯವನ್ನು ಸಾರಿದ ಮೇಲೆ ಒಂದು ನಿಮಿಷ ಮೌನ. ಆ ಹೊತ್ತಿನಲ್ಲಿ ಮಗು ಅತ್ತರೆ ತಾಯಿ ಹೊರಗೆ ಓಡಬೇಕಾಗಿಲ್ಲ. ಐದನೆಯ ರಹಸ್ಯದ ಪೂರ್ವಾರ್ಧವನ್ನು ಮನೆಯಲ್ಲಿ ಒಬ್ಬಂಟಿಯಾಗಿರುವ ಹಿರಿಯರು ಹೇಳುವರು; ಉತ್ತರವನ್ನು ನಾವೆಲ್ಲರೂ ಕೊಡಲಿದ್ದೇವೆ.